ಪಾದರಸ ಏರಿದ ಗಳಿಗೆ

ನಾನು ರಕ್ತದೊತ್ತಡ ಅಳೆಯುವ ಪೆಟ್ಟಿಗೆ. ಕಾರ್ಖಾನೆಯಲ್ಲಿ ನನ್ನ ಗಾಜಿನ ಕೊಳವೆಗೆ ಪಾದರಸ ತುಂಬಿದಾಗ ಜೀವ ಬಂತು. ಅಲ್ಲಿಂದ ಗದಗಿಗೆ, ಡಾಕ್ಟರ್ ಮಾಲತಿ ಸವದತ್ತಿಯವರ ಮೇಜಿಗೆ ಬಂದೆ. ದಪ್ಪ ತೋಳು, ಸಣಕಲು ತೋಳು, ಬಳೆ ತುಂಬಿದ ತೋಳು, ಎಲ್ಲವನ್ನೂ ಅಪ್ಪಿಕೊಂಡು ಹಾಯಾಗಿದ್ದೆ.

ಒಂದು ದಿನ ಕಸ್ತೂರಿ ಟೀಚರ್ ಬಂದರು. ಹೈಸ್ಕೂಲಿನ ಹುಡುಗಿಯರಿಗೆ ಕಬಡ್ಡಿ ಕಲಿಸುವ ಗಟ್ಟಿ ಹೆಂಗಸು. ಆಗಾಗ ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ, ಮೈಯೆಲ್ಲ ಬೆವರುತ್ತದೆ ಎಂದರು. ಬೇರೆ ವೈದ್ಯರು ಮನಸ್ಸಿನ ಕಾಯಿಲೆಯೆಂದು ನಿದ್ದೆ ಗುಳಿಗೆ ಕೊಟ್ಟಿದ್ದರು. ನಾನೂ ನೋಡಿದೆ; ಒತ್ತಡ ಸರಿಯಾಗಿಯೇ ಇತ್ತು. ನಿಜ ಹೇಳಿಯೂ ಅವರನ್ನು ಸುಳ್ಳುಗಾರ್ತಿ ಮಾಡಿದೆನಲ್ಲ ಎಂದು ಸಂಕಟವಾಯಿತು.

"ಯಾವಾಗ ಬರ್ತೈತ್ರಿ ಇದು?" ಡಾಕ್ಟರ್ ಕೇಳಿದರು.

ಟೀಚರ್ ತಲೆ ತಗ್ಗಿಸಿದರು. "ಹೇಳಾಕ ನಾಚಿಕಿ ಆಗ್ತೈತ್ರಿ. ಒಂದಕ್ಕ ಹೋಗಿ ಬಂದ ಕೂಡ್ಲೆ."

"ಇದನ್ನ ಯಾರಿಗೂ ಹೇಳಿಲ್ಲೇನ್ರಿ?"

"ಯಾರೂ ಕೇಳ್ಲೇ ಇಲ್ರಿ."

ಡಾಕ್ಟರ್ ನನ್ನನ್ನು ಎತ್ತಿಕೊಂಡು ಹೋಗಿ ಶೌಚಾಲಯದ ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟರು. ಟೀಚರ್ ಹೊರಬಂದಾಗ ಮುಖ ಬಿಳಿಚಿತ್ತು. ಡಾಕ್ಟರ್ ತೋಳಿಗೆ ಪಟ್ಟಿ ಸುತ್ತಿದರು. ನೂರಿಪ್ಪತ್ತರ ಸುಮಾರಿಗೆ ಕೇಳಬೇಕಾದ ನಾಡಿಯ ಸದ್ದು ಪಾದರಸ ಇನ್ನೂರರ ಮೇಲಿದ್ದಾಗಲೇ ಕೇಳಿಸಿತು.

"ನಿಮ್ಮ ಮಾತು ಖರೇ ಐತ್ರಿ, ಟೀಚರ್."

ಟೀಚರ್ ಅತ್ತೇಬಿಟ್ಟರು.

ಸ್ಕ್ಯಾನಿನಲ್ಲಿ ಮೂತ್ರಕೋಶದ ಗೋಡೆಯಲ್ಲೊಂದು ಗಂಟು ಕಂಡಿತು. ಮೂತ್ರಕೋಶ ಹಿಂಡಿದಾಗಲೆಲ್ಲ ಅದು ರಕ್ತಕ್ಕೆ ಒತ್ತಡ ಏರಿಸುವ ಹಾರ್ಮೋನ್ ಸುರಿಯುತ್ತಿತ್ತು. ಬಲು ಅಪರೂಪದ ಗಂಟಂತೆ.

"ಇವತ್ತ ತೆಗೆಸಿಬಿಡ್ರಿ," ಎಂದರು ಟೀಚರ್.

"ಅವಸರ ಮಾಡಿದ್ರ ಜೀವಕ್ಕ ಕುತ್ತು. ಸುಮ್ನ ಮುಟ್ಟಿದ್ರ ಬಿಪಿ ಜಿಗೀತೈತಿ. ಮೊದಲ ಗುಳಿಗಿ ಕೊಟ್ಟು ಅದನ್ನ ಪಳಗಸೋಣು."

ದಿನವೂ ಒತ್ತಡ ನೋಡಲೆಂದು ಡಾಕ್ಟರ್ ನನ್ನನ್ನು ಟೀಚರ್ ಮನೆಗೆ ಕಳಿಸಿದರು. ಗಂಡ ವೀರಣ್ಣ ಉಸಿರು ಬಿಗಿಹಿಡಿದು ಗಾಳಿ ತುಂಬುವ ನನ್ನ ರಬ್ಬರ್ ಬಲ್ಬು ಒತ್ತುವುದನ್ನು ಕಲಿತ. ಪಾದರಸ ಮೆಲ್ಲಗೆ ತಗ್ಗುತ್ತ ಬಂತು. ಆಮೇಲೆ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ನಡೆದು, ಮೂತ್ರಕೋಶದ ಒಂದು ಚೂರಿನೊಂದಿಗೆ ಗಂಟೂ ಹೋಯಿತು.

ಊರಿಗೆ ಮರಳಿದ ಟೀಚರ್ ಬಚ್ಚಲಿನಿಂದ ಹೊರಬಂದು ತೋಳು ಚಾಚಿದರು. ನನ್ನ ಪಾದರಸ ಇರಬೇಕಾದಲ್ಲೇ ಇತ್ತು. ವೀರಣ್ಣ ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ.

"ಸಾಕ್ ಬಿಡ್ರಿ, ಕೈ ಜೋಮು ಹಿಡೀತು," ಎಂದು ಟೀಚರ್ ನಕ್ಕರು.

ಈಗ ಬ್ಯಾಟರಿಯ ಯಂತ್ರಗಳ ಕಾಲ. ನಾನು ನರ್ಸಿಂಗ್ ಶಾಲೆಯ ಕಪಾಟು ಸೇರಿದ್ದೇನೆ. ಬೇಸರವಿಲ್ಲ. ಕಂಡದ್ದನ್ನು ಹೇಳುವುದಷ್ಟೇ ನನ್ನ ಕೆಲಸ. ಯಾವಾಗ ನೋಡಬೇಕೆಂಬುದನ್ನು ಮನುಷ್ಯರೇ ಕೇಳಿ ತಿಳಿಯಬೇಕು. ನಿನ್ನೆ ಹೊಸ ಹುಡುಗಿಯೊಬ್ಬಳು ಗೆಳತಿಯ ತೋಳಿಗೆ ನನ್ನನ್ನು ಕಟ್ಟಿದಳು. ನಾಡಿಯ ಸದ್ದಿಗಾಗಿ ಸ್ಟೆತಸ್ಕೋಪಿಗೆ ಕಿವಿಗೊಟ್ಟು ಕುಳಿತವಳ ಮುಖ ಒಮ್ಮೆಲೇ ಅರಳಿತು.

"ಕೇಳಿಸ್ತಲೇ!"