ದಣಿದ ಗುಂಡಿಗೆಗೆ ದೀಡ ನಮಸ್ಕಾರ

ಕಂದಲಗಾಂವದ ಅಮೃತಪ್ಪ ಹಾಸಿಗೆಯ ಮೇಲೆ ಮೈಚಾಚಿ ಮಲಗುವುದನ್ನು ಬಿಟ್ಟು ಒಂದು ಮಳೆಗಾಲವೇ ಕಳೆದಿತ್ತು. ಮಲಗಿದರೆ ಸಾಕು, ಎದೆಯ ಮೇಲೆ ಯಾರೋ ಕೂತಂತಾಗಿ, ಕೆಮ್ಮು ಒತ್ತರಿಸಿ ಬಂದು, ದಡಕ್ಕನೆ ಎದ್ದು ಕೂರುತ್ತಿದ್ದ. ಜೋಳದ ಚೀಲಕ್ಕೆ ಬೆನ್ನು ಕೊಟ್ಟರೆ ಮಾತ್ರ ಕಣ್ಣು ಹತ್ತುತ್ತಿತ್ತು. ಬಾವಿಯ ಮೇಲೆ ನೀರೆತ್ತುವ ಎತ್ತು ಹೊಡೆಯುತ್ತ ಊರಿಗೆಲ್ಲ ಕೇಳುವಂತೆ ಹಾಡುತ್ತಿದ್ದ ಮನುಷ್ಯ, ಈಗ ಅಂಗಳ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಕಾಲುಗಳೂ ಬಾತಿದ್ದವು.

ಇದು ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ಮಾತು. ಊರಲ್ಲಿ ಬಾಯಿಗೊಂದು ಮದ್ದು. ಒಬ್ಬರು ಗಾಳಿ ಸೋಂಕಿದೆ ಎಂದರು, ಇನ್ನೊಬ್ಬರು ತುಪ್ಪ ತಿನ್ನಿಸಿ ಎಂದರು. ಹೆಂಡತಿ ಗುರುಲಿಂಗಮ್ಮ ಎಲ್ಲವನ್ನೂ ಮಾಡಿ ಸೋತು, ಕೊನೆಗೆ ಊರ ದೇವಿ ಮರಗಮ್ಮನ ಮುಂದೆ ಸೆರಗೊಡ್ಡಿದಳು.

"ತಾಯೀ, ಇವರ ಉಸರು ಹಗರ ಮಾಡು. ಬಾವಿಯಿಂದ ನಿನ್ನ ಹೊಸ್ತಿಲ ತನಕ ಇವರ ಕಡಿಂದ ದೀಡ ನಮಸ್ಕಾರ ಹಾಕಸ್ತೀನಿ."

ದೀಡ ನಮಸ್ಕಾರವೆಂದರೆ ಸಣ್ಣ ಮಾತಲ್ಲ. ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಬೋರಲು ಮಲಗಬೇಕು. ಚಾಚಿದ ಕೈಯ ಕೋಲಿನಿಂದ ಗೆರೆ ಎಳೆಯಬೇಕು. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ಗುಡಿ ಬರುವ ತನಕ ಹೀಗೆಯೇ. ತನ್ನ ಬಾಯಿಂದ ಗಂಡನ ಮೈಯನ್ನು ಒತ್ತೆ ಇಡುತ್ತಿದ್ದೇನೆಂದು ಪಾಪ, ಅವಳಿಗೆ ಆಗ ಹೊಳೆಯಲಿಲ್ಲ.

ಮೈದುನ ಬಂಡೆಪ್ಪ ಮಾತ್ರ ಹಟ ಹಿಡಿದು, ಅಣ್ಣ ಅತ್ತಿಗೆಯರನ್ನು ಬಂಡಿಯಲ್ಲಿ ಸೋಲಾಪುರಕ್ಕೆ ಕರೆದೊಯ್ದ. ಅಲ್ಲಿ ಡಾಕ್ಟರ್ ಶಾಂತಪ್ಪ ಅಮೃತಪ್ಪನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಪಾದರಸ ಏರಿಳಿಯುವುದನ್ನು ನೋಡಿದರು. ಎದೆಗೆ, ಬೆನ್ನಿಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಗುಂಡಿಗ್ಯಾಗ ನಾಕು ಖೋಲಿ, ಅಂದ್ರ ಕೋಣಿ ಅದಾವ್ರಿ," ಎಂದರು. "ಎಡಗಡಿ ಕೆಳಗಿನ ಖೋಲಿಗೆ ಭಾಳ ದುಡಿತ. ಉಸರಿನ ಚೀಲದಿಂದ ಬಂದ ರಕ್ತಾನ ಇಡೀ ಮೈಗೆ ನೂಕೂದು ಅದ. ನಿಮ್ಮ ಬಾವಿ ಮ್ಯಾಲಿನ ಎತ್ತು ಇದ್ದಂಗ. ಅದು ಎಳಿಯೂ ನೀರಿನ ಬಾನಿ ದಿನಾ ಜರಾ ಜರಾ ಜಡ ಮಾಡಕೋತ ಹೋದ್ರ ಎತ್ತು ಏನಾಗ್ತದ ಹೇಳ್ರಿ?"

"ಮೊದಲ ಹೆಗಲು ದಪ್ಪ ಆಗ್ತದ್ರಿ," ಎಂದ ಅಮೃತಪ್ಪ. "ಆಮ್ಯಾಲ ಸೋಲ್ತದ."

"ಬರೋಬರಿ. ನಿಮ್ಮ ಮೈಯಾಗ ರಕ್ತದ ಒತ್ತಡ ಹೆಚ್ಚಾಗ್ಯದ. ಅದರ ಎದುರಿಗೆ ನೂಕಿ ನೂಕಿ ಆ ಖೋಲಿ ಮೊದಲ ದಪ್ಪ ಆತು, ಈಗ ಸಡಲಾಗ್ಯದ. ಬಂದ ರಕ್ತ ಪೂರಾ ಮುಂದ ಹೋಗವಲ್ದು. ಹಿಂದ, ಉಸರಿನ ಚೀಲದಾಗ ನಿಲ್ಲಾಕತ್ತದ. ಅಡ್ಡ ಆದ್ರ ಇನ್ನಷ್ಟು ತುಂಬತದ. ಅದಕ್ಕ ನಿಮಗ ಮಲಗಲಿಕ್ಕೆ ಆಗವಲ್ದು."

ಗುರುಲಿಂಗಮ್ಮ ಒಪ್ಪಲಿಲ್ಲ. "ಇವರು ಕಲ್ಲಿನಂಥಾ ಮನಷಾ ಇದ್ರಿ ಸಾಹೇಬ್ರ. ಗುಂಡಿಗಿ ಹ್ಯಾಂಗ ಸೋತೀತು?"

"ನಿಮ್ಮ ಎತ್ತು ಎಂದೂ ಸೋತಿಲ್ಲೇನವ್ವಾ?"

"ಸೋತದ್ರಿ. ಹೋದ ವರ್ಷ ನಮ್ಮ ಹಂಡ ಎತ್ತಿನ ಹೆಗಲು ಬಾತಿತ್ತು. ಮಾಯೂ ತನಕ ನೊಗಕ್ಕ ಕೈ ಹಚ್ಚಗೊಡಲಿಲ್ಲ ನಾ."

"ಇವರನ್ನೂ ಹಂಗ ನೋಡಕೋರಿ," ಎಂದರು ಡಾಕ್ಟರು. ಹನಿ ಔಷಧ ಕೊಟ್ಟರು. ಉಪ್ಪಿನಕಾಯಿ, ಹಪ್ಪಳ ಬೇಡ, ರೊಟ್ಟಿಗೂ ಪಲ್ಯಕ್ಕೂ ಉಪ್ಪು ಬೇಡ ಎಂದರು. ಒರಗಿಕೊಂಡೇ ಮಲಗಬೇಕು, ಭಾರದ ಕೆಲಸ ಮಾಡಬಾರದು. ಬಾಗಿಲ ತನಕ ಬಂದು ಮತ್ತೊಂದು ಮಾತು ಹೇಳಿದರು: "ಹಗರ ಅನಸ್ತಂದ್ರ ಗುಣ ಆತು ಅಂತ ತಿಳೀಬ್ಯಾಡ್ರಿ. ಆ ಖೋಲಿ ದಣಿವಾರಿಸಿಕೊಂಡಿರತದ, ಅಷ್ಟ."

ಗುರುಲಿಂಗಮ್ಮ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಉಪ್ಪಿಲ್ಲದ ರೊಟ್ಟಿಗೆ ಅಮೃತಪ್ಪ ಮುಖ ಕಿವಿಚಿ, "ಎಮ್ಮಿಗೂ ಹಿಂಡಿಯೊಳಗ ಉಪ್ಪು ಹಾಕ್ತಿ, ನನಗ ಇಲ್ಲ," ಎಂದು ಗೊಣಗುತ್ತಲೇ ತಿಂದ. ದೀಪಾವಳಿ ಕಳೆಯುವಷ್ಟರಲ್ಲಿ ಕಾಲಿನ ಬಾವು ಇಳಿಯಿತು. ಉಸಿರು ಹಗುರಾಯಿತು. ಒಂದು ಸಂಜೆ ಹಾಡು ಕೂಡ ಬಾಯಿಗೆ ಬಂತು. ಗುರುಲಿಂಗಮ್ಮ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲೇ ಎಡವಟ್ಟಾಯಿತು. ಗುಣ ಕೊಟ್ಟದ್ದು ಔಷಧ ಮತ್ತು ವಿಶ್ರಾಂತಿ. ಅವಳು ನೆನೆದದ್ದು ಹರಕೆಯನ್ನು.

"ನಾ ಹಾಕ್ತೀನಿ ನಮಸ್ಕಾರ, ವೈನಿ," ಎಂದ ಬಂಡೆಪ್ಪ ಅತ್ತಿಗೆಗೆ. "ಡಾಕ್ಟರು ಏನಂದಾರ ನೆನಪದ ಇಲ್ಲೋ?"

"ಇವರ ಹೆಸರಲೆ ಬೇಡಕೊಂಡೀನಿ. ಬ್ಯಾರೇದವ್ರ ಮೈಯಿಂದ ಅದು ತೀರೂದಿಲ್ಲ. ಕೊಟ್ಟ ಉಸರು ತಾಯಿ ತಿರುಗಿ ಕಸಗೊಂಡ್ರ ಏನ ಮಾಡ್ಲಿ?"

ಅಮೃತಪ್ಪ ನಕ್ಕ. "ಹೋಗ್ಲಿ ಬಿಡೋ ತಮ್ಮಾ. ನನ್ನ ಸಲುವಾಗಿ ಬೇಡಕೊಂಡಾಳ. ಆಕಿ ಮಾತು ನಾ ಸುಳ್ಳ ಮಾಡ್ಲ್ಯಾ?"

ಶುಕ್ರವಾರ ಬೆಳಿಗ್ಗೆ ಬಾವಿಯ ತಣ್ಣೀರು ಮೈಮೇಲೆ ಸುರಿದುಕೊಂಡು ಅಮೃತಪ್ಪ ನೆಲಕ್ಕೆ ಮಲಗಿದ. ಗುರುಲಿಂಗಮ್ಮ ಬಿಂದಿಗೆ ಹಿಡಿದು ದಾರಿಗೆ ನೀರು ಹಾಕುತ್ತ ಮುಂದೆ ನಡೆದಳು. ಮಲಗಿದ, ಎದ್ದ, ಮಲಗಿದ, ಎದ್ದ. ಆಲದ ಮರ ದಾಟುವಾಗ ಕೆಮ್ಮು ಶುರುವಾಯಿತು. ಅವಳಿಗೆ ಕೇಳಿಸಿತು. ಗುಡಿಯ ಗೋಪುರ ಎದುರಿಗೇ ಕಾಣುತ್ತಿತ್ತು.

"ಇನ್ನ ಸ್ವಲ್ಪ ಅದ. ಏಳ್ರಿ," ಎಂದಳು.

ಅವನು ಎದ್ದ, ಕೋಲೂರಿ ನಿಂತ, ಮತ್ತೊಮ್ಮೆ ಮಲಗಿದ. ಆಮೇಲೆ ಏಳಲಿಲ್ಲ. ಬಂಡೆಪ್ಪ ಓಡಿ ಬಂದು ಎತ್ತಿ ಕೂರಿಸಿದರೆ, ಬಾಯಲ್ಲಿ ಕೆಂಪು ಬೆರೆತ ನೊರೆ. ಎದೆಯೊಳಗೆ ಗೊರಗೊರ ಸದ್ದು. ಬಂಡಿ ಕಟ್ಟಿ ಹೊಡೆದರೂ ಸೋಲಾಪುರ ಮುಟ್ಟುವ ಮೊದಲೇ ಆ ಸದ್ದು ನಿಂತಿತ್ತು.

ಡಾಕ್ಟರ್ ಶಾಂತಪ್ಪ ನಾಡಿ ಹಿಡಿದು ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

"ತಾಯಿ ಸಿಟ್ಟಾದಳೇನ್ರಿ?" ಗುರುಲಿಂಗಮ್ಮ ಕೇಳಿದಳು.

"ಇಲ್ಲವ್ವಾ. ಸೋತ ಖೋಲಿಗೆ ಹೊರಲಾರದ ಭಾರ ಬಿತ್ತು. ಉಸರಿನ ಚೀಲ ತುಂಬಿಬಿಟ್ಟಾವ."

ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಮನೆಗೆ ಬಂದಾಗ ಕೊಟ್ಟಿಗೆಯಲ್ಲಿ ಹಂಡ ಎತ್ತು ಮೇವು ಮೆಲುಕು ಹಾಕುತ್ತ ನಿಂತಿತ್ತು. ಅದರ ವಾಸಿಯಾದ ಹೆಗಲನ್ನು ನೋಡಿ ಅವಳು ನೆಲಕ್ಕೆ ಕುಸಿದು ಅತ್ತಳು. ಎತ್ತಿಗೆ ತೋರಿದ ಕರುಣೆಯನ್ನು ಗಂಡನಿಗೆ ತೋರಲಿಲ್ಲವೆಂಬ ಸಂಕಟ ಅವಳನ್ನು ಸಾಯುವ ತನಕ ಬಿಡಲಿಲ್ಲ.

ದಿನಕರ್ಮ ಮುಗಿದ ಮೇಲೆ ಹಿರಿಯರು ಬಂದರು. ಹರಕೆ ಅರ್ಧಕ್ಕೆ ನಿಂತಿದೆ, ಉಳಿದದ್ದನ್ನು ತಮ್ಮ ತೀರಿಸಲಿ ಎಂದರು. ಬಂಡೆಪ್ಪ ಕೋಲಿಗೆ ಕೈ ಹಾಕಿದ. ಗುರುಲಿಂಗಮ್ಮ ಅದನ್ನು ಕಸಿದುಕೊಂಡಳು.

"ಮೊದಲ ದವಾಖಾನಿಗೆ ನಡಿ. ಅಣ್ಣಗ ಇದ್ದದ್ದು ತಮ್ಮಗೂ ಇರಬಹುದು. ತೋಳಿಗೆ ಪಟ್ಟಿ ಕಟ್ಟಿಸ್ಕೋ."

ಡಾಕ್ಟರು ನೋಡಿದರು. ಹೌದು, ಅವನ ರಕ್ತದೊತ್ತಡವೂ ಏರಿತ್ತು. ಆ ಮನೆಯಲ್ಲಿ ಅಂದಿನಿಂದ ಯಾರ ರೊಟ್ಟಿಗೂ ಉಪ್ಪು ಬೀಳಲಿಲ್ಲ. ಗುರುಲಿಂಗಮ್ಮ ಒಬ್ಬಳೇ, ಗಂಡ ಬಿದ್ದ ಜಾಗದಿಂದ ಗುಡಿಯ ತನಕ ಬರಿಗಾಲಲ್ಲಿ ನಡೆದು, ಆ ಕೋಲನ್ನು ಹೊಸ್ತಿಲ ಮೇಲಿಟ್ಟಳು.

"ನೀ ಕೇಳಿದ್ದಿಲ್ಲ ತಾಯಿ. ನಾನ ಕೊಟ್ಟೆ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಆ ಕಾಲದಲ್ಲಿ ರಕ್ತದೊತ್ತಡ ಇಳಿಸುವ ಒಳ್ಳೆಯ ಗುಳಿಗೆಗಳಿರಲಿಲ್ಲ. ಇಂದು ನಿಮ್ಮ ಊರಿನ ದವಾಖಾನೆಯಲ್ಲೇ ಇವೆ. ನಿಮ್ಮ ಮನೆಯಲ್ಲಿ ಯಾರಾದರೂ ದಿಂಬಿನ ಮೇಲೆ ದಿಂಬು ಇಟ್ಟು ಮಲಗುತ್ತಿದ್ದಾರೆಯೇ? ನಾಲ್ಕು ಹೆಜ್ಜೆಗೆ ಏದುಸಿರೇ? ಪಾದ ಬಾತಿದೆಯೇ? ತಡ ಮಾಡಬೇಡಿ. ಹಗುರಾಯಿತೆಂದು ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡಿ, ಭಾರ ಹೊರಿಸಬೇಡಿ. ದೇವರಿಗೆ ಕೈಮುಗಿಯಿರಿ, ಆದರೆ ರೋಗಿಯ ಮೈಯನ್ನು ಹರಕೆಗೆ ಇಡಬೇಡಿ. ಎತ್ತಿನ ಹೆಗಲು ಬಾತರೆ ಕಣ್ಣಿಗೆ ಕಾಣುತ್ತದೆ, ಗುಂಡಿಗೆ ಸೋತರೆ ಕಾಣುವುದಿಲ್ಲ. ಇಂದೇ ಹೋಗಿ, ನಿಮ್ಮ ತೋಳನ್ನು ಪಟ್ಟಿಗೆ ಕೊಡಿ.