ಬೋರ್ಡಿನ ಹಗ್ಗ

"ಆಚೆ ಸರಿಯs, ಬೋಸುಡಿ! ನಿನ್ನ ನೆರಳು ಬಾವ್ಯಾಗ ಬಿದ್ದೀತು!"

ತಾಲೂಕು ಬೋರ್ಡಿನ ಮೆಂಬರ ರಾಮಲಿಂಗಪ್ಪನ ಕೂಗಿಗೆ ಮಾಯವ್ವ ಹಿಂದೆ ಸರಿದಳು. ಕಣ್ಣು ಮಾತ್ರ ಕಟ್ಟೆಯ ಮೇಲೆ ಎಣ್ಣೆ ಹಚ್ಚಿ ಮಿರಿಮಿರಿ ಮಾಡಿಟ್ಟ ಹೊಸ ಹಗ್ಗವನ್ನು ಬಿಡಲಿಲ್ಲ.

ಸವದತ್ತಿ ಸೀಮೆಯ ಆ ಪೇಟೆಬಾವಿಗೆ ಹಿಂದೆಲ್ಲ ಅವಳ ಕೇರಿಯವರೇ ಪುಂಡಿನಾರಿನ ಹಗ್ಗ ಹೊಸೆದು ಕೊಡುತ್ತಿದ್ದರು. ರಾಮಲಿಂಗಪ್ಪ ಮೆಂಬರನಾದದ್ದೇ ತಡ, ಕೇರಿಯ ಹಗ್ಗ ಮೈಲಿಗೆಯಾಯಿತು. ಗುತ್ತಿಗೆ ಅವನ ಅಳಿಯನ ಪಾಲಾಯಿತು. ಪ್ಲೇಗಿನ ಮರುವರ್ಷ ಮಾಯವ್ವನ ಗಂಡ ಯಮನಪ್ಪ ಆ ಅಳಿಯನ ಹಗ್ಗ ಕಟ್ಟಿಕೊಂಡು ಹೂಳು ತೆಗೆಯಲು ಇಳಿದ. ಮೇಲಕ್ಕೆಳೆಯುವಾಗ ಅರ್ಧ ದಾರಿಯಲ್ಲಿ ಹಗ್ಗ ಹರಿಯಿತು. ಅವಳಿಗೆ ಸಿಕ್ಕದ್ದು ಹೆಣ.

ಆದರೆ ಅವನು ಹೋಗಿಯೇ ಇಲ್ಲ. ಮಟಮಟ ಮಧ್ಯಾಹ್ನ ನಾರು ಹೊಸೆಯುತ್ತ ಕುಳಿತರೆ ಅವಳ ಬೆನ್ನ ಹಿಂದೆ ನೀರು ತೊಟ್ಟಿಕ್ಕುತ್ತದೆ. "ಹಗ್ಗಾ ಯಾರದs?" ಎನ್ನುತ್ತಾನೆ. ತಿರುಗಿದರೆ ಒಣ ನೆಲ. ಅತ್ತೆ ಶಟ್ಟೆವ್ವ ಒಲೆಯ ಮುಂದಿನಿಂದಲೇ, "ಓಗೊಡಬ್ಯಾಡವಾ, ಕರಕೊಂಡ ಹೋಗ್ತಾನ" ಎನ್ನುತ್ತಾಳೆ. ಹಾಗಾದರೆ ಅವಳಿಗೂ ಕೇಳಿಸುತ್ತದೆ.

ಇಂದು ಇಳಿಯಬೇಕಾದವನು ಮೈದುನ ದುರ್ಗಪ್ಪ. ಅದೇ ಅಳಿಯನ ಹಗ್ಗವನ್ನು ಸೊಂಟಕ್ಕೆ ಬಿಗಿಯುತ್ತಿದ್ದ.

"ಧಣೇರ, ನಮ್ಮ ಹಗ್ಗಕ್ಕ ಮೈಲಿಗಿ ಅಂತೀರಿ, ನಮ್ಮ ಮೈಗಿಲ್ಲೇನ್ರಿ?" ಮಾಯವ್ವ ಕೇಳಿದಳು.

"ಕೆಸರಿಗೆಲ್ಲೀ ಮೈಲಿಗಿ? ಹೂಳ ತಗದಮ್ಯಾಲ ಗೋಮೂತ್ರಾ ಚಿಮಕಸ್ತೇವಿ. ಬಾಯಿ ಮುಚ್ಚ, ರಂಡೆ!"

ಕೇರಿಯಲ್ಲೊಂದು ಕಟ್ಟಳೆ: ಹೊಸ ಹಗ್ಗ ಮಾರುವ ಮುನ್ನ ಹೊಸೆದವರೇ ಅದನ್ನು ಬೇವಿನ ಕೊಂಬೆಗೆ ಕಟ್ಟಿ ಜೋತು ಬೀಳಬೇಕು. ತನ್ನ ಮೈ ತಡೆಯದ್ದನ್ನು ಇನ್ನೊಬ್ಬರ ಮೈಗೆ ಕಟ್ಟುವಂತಿಲ್ಲ.

"ನಮ್ಮಾಗ ಹಗ್ಗಾ ಕೊಟ್ಟಾಂವನs ಮೊದಲ ಜೋತ ಬೀಳ್ತಾನ್ರಿ," ಎಂದಳು ಮಾಯವ್ವ. "ನಿಮ್ಮ ಅಳ್ಯಾ ಇಳೀಲಿ. ಆಮ್ಯಾಲ ನಮ್ಮ ದುರ್ಗಪ್ಪ."

ಕೊಡ ಹಿಡಿದು ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. "ಅಳ್ಯಾರ ಹೊಟ್ಟಿ ಬಾವ್ಯಾಗ ಹಿಡೀಬೇಕಲ್ಲ, ಯವ್ವಾ!"

ಮಾವನ ಬೆನ್ನಿಗೇ ನಿಂತಿದ್ದ ಅಳಿಯ ಹಿಂದೆ ಸರಿದ. ಅವನನ್ನಿನ್ನೂ ಯಾರೂ ಕರೆದಿರಲಿಲ್ಲ. ರಾಮಲಿಂಗಪ್ಪ ಅದನ್ನು ನೋಡಿದ. ನೋಡಿಯೂ, "ಇಳೀಲೇ ದುರ್ಗ್ಯಾ, ಸೂಳಿಮಗನ!" ಎಂದ.

ಮಾಯವ್ವ ಕಟ್ಟೆ ಹತ್ತಿದಳು. ದುರ್ಗಪ್ಪನ ಸೊಂಟದ ಗಂಟು ಬಿಚ್ಚಿದಳು. ಇಡೀ ಸುರುಳಿಯನ್ನು ಬಾವಿಗೆ ನೂಕಿದಳು.

ಹಗ್ಗ ಸರಸರ ಇಳಿಯಿತು. ಕೊನೆಯ ತುದಿಯೂ ಅಂಚು ದಾಟಿತು. ತಳದಲ್ಲಿ ಎದೆಮಟ್ಟ ನೀರಿತ್ತು, ಬಿದ್ದ ಸಪ್ಪಳ ಬರಬೇಕಿತ್ತು. ಬರಲಿಲ್ಲ, ಕೆಳಗೆ ಯಾರೋ ಹಿಡಿದುಕೊಂಡಂತೆ. ಎಲ್ಲರೂ ಕಾದರು. ಬಗ್ಗಿ ನೋಡಲು ಹೋದ ರಾಮಲಿಂಗಪ್ಪ ಕಟ್ಟೆಗೆ ಕೈಯೂರಿದವನು, ನೋಡಲಾರದೆ ಹಾಗೆಯೇ ನಿಂತ.