ಆಂತಿಯೊಕೊ ತಿನ್ನದ ಕಾಳು

ನನ್ನ ಗಂಡ ಆಂತಿಯೊಕೊಗೆ ಫಾವಾ ಕಾಳು ವಿಷ. ತಿಂದರೆ ರಕ್ತಕಣಗಳು ಒಡೆದು ಮೈ ಹಳದಿಯಾಗುತ್ತದೆ, ಮೂತ್ರ ಕಪ್ಪಾಗುತ್ತದೆ. ನಮ್ಮ ಸಾರ್ಡಿನಿಯಾ ದ್ವೀಪದಲ್ಲಿ ಇಂಥವರು ಬೇಕಾದಷ್ಟು ಜನ. ಆದರೆ ಮಗಳು ಗ್ರಾತ್ಸಿಯೆಟ್ಟಾ ಮದುವೆಯಾದದ್ದು ಕಡಲಾಚೆಯ ತೊರಿನೊ ನಗರದಿಂದ ನಮ್ಮೂರಿಗೆ ಬಂದು ನೆಲೆಸಿದ ರೆಂತ್ಸೊನನ್ನು. ಮೊಮ್ಮಗ ಎಫೀಸಿಯೊ ಹುಟ್ಟಿದಾಗ ಪರೀಕ್ಷೆಯಲ್ಲಿ ಅಜ್ಜನ ರಕ್ತವೇ ಬಂದಿದೆ ಎಂದು ತಿಳಿಯಿತು. ಅಳಿಯನಿಗೆ ಹೇಳಬೇಡಿ, ಕೆಟ್ಟ ರಕ್ತದ ಮನೆ ಅಂದುಕೊಂಡಾನು ಎಂದು ಗಂಡ ಗೋಗರೆದ. ನಮ್ಮೆರಡು ಮನೆಗಳಲ್ಲೂ ಆ ಕಾಳು ಬೇಯುವುದೇ ಇಲ್ಲವಲ್ಲ ಎಂದು ನಾವು ತಾಯಿ ಮಗಳು ದಡ್ಡರ ಹಾಗೆ ಒಪ್ಪಿಕೊಂಡೆವು.

ಮೂರು ವರ್ಷ ಕಳೆಯಿತು. ಕಾರ್ನಿವಾಲ್ ಮಂಗಳವಾರ, ಮಗಳು ಕೆಲಸಕ್ಕೆ ಹೋಗಿದ್ದಾಗ, ರೆಂತ್ಸೊ ಮಗುವನ್ನೂ ಒಂದು ದೊಡ್ಡ ಪಾತ್ರೆಯನ್ನೂ ಹೊತ್ತು ಬಂದ.

"ಹಬ್ಬಕ್ಕೆ ಊರೆಲ್ಲ ಹಂದಿಮಾಂಸ ಹಾಕಿ ಫಾವಾ ಬೇಯಿಸ್ತಾರೆ, ನೀವೊಬ್ರೇ ಬೇಯಿಸಲ್ಲ. ಪಕ್ಕದ್ಮನೆಯವರ ಹತ್ರ ಕಲಿತು ನಾನೇ ಮಾಡಿದೀನಿ ಅತ್ತೆ!"

ಮುಚ್ಚಳ ತೆಗೆದವನೇ ಮೊದಲ ಚಮಚ ಮಗುವಿನ ಬಾಯಿಗೆ ಹಿಡಿದ. ಆಂತಿಯೊಕೊ ಹಾರಿಬಂದು ಅವನ ಕೈಗೆ ಹೊಡೆದ. ಚಮಚ ಗೋಡೆಗೆ ಬಡಿಯಿತು.

"ನನ್ನ ಕೈಯಡುಗೆ ಅಷ್ಟು ಅಸಹ್ಯವಾ ಮಾವ?" ರೆಂತ್ಸೊನ ಮುಖ ಕೆಂಪಾಗಿತ್ತು.

"ಅಡುಗೆ ಅಲ್ಲಪ್ಪಾ. ನನ್ನ ರಕ್ತ. ಅದನ್ನೇ ಇವನಿಗೂ ಅಂಟಿಸಿದೀನಿ. ಈ ಕಾಳು ತಿಂದ್ರೆ ಮಗು ಜೀವಕ್ಕೇ ಅಪಾಯ." ಗಂಡ ತಲೆ ಎತ್ತಲಿಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅರ್ಧ ಹೇಳಿ ಅಳ್ತಾ ಕೂತ್ರೆ ಹೇಗ್ರೀ? ಮಲೇರಿಯಾ ಇವರ ಇಬ್ಬರು ತಮ್ಮಂದಿರನ್ನ ತಿಂದು ಹಾಕ್ತು ರೆಂತ್ಸೊ. ಆ ರೋಗಾಣು ಬದುಕೋದೇ ರಕ್ತಕಣದೊಳಗೆ. ಇವರಂಥವರ ಕಣದಲ್ಲಿ ಅದಕ್ಕೆ ಸರಿಯಾಗಿ ಬೆಳೆಯೋಕಾಗಲ್ಲ ಅಂತ ಡಾಕ್ಟ್ರೇ ಹೇಳಿದಾರೆ. ಸಾವಿರಾರು ವರ್ಷ ಆ ಜ್ವರದ ಜೊತೆ ಗುದ್ದಾಡಿ ನಮ್ಮೋರ ರಕ್ತ ಹೀಗಾಗಿದೆ. ಅದಕ್ಕೇ ಇವರು ಉಳಿದದ್ದು."

ರೆಂತ್ಸೊ ಮಗುವನ್ನು ಎತ್ತಿ ಎದೆಗವಚಿಕೊಂಡ.

"ನನಗೆ ಹೇಳಬೇಕಿತ್ತು ಮಾವ," ಎಂದ. "ಆ ರಕ್ತ ಇಲ್ದಿದ್ರೆ ನನಗೆ ಗ್ರಾತ್ಸಿಯೆಟ್ಟಾ ಎಲ್ಲಿ ಸಿಗ್ತಿದ್ಲು?"

ಆಂತಿಯೊಕೊ ಮೂಗೊರೆಸಿಕೊಂಡ. ಪಾತ್ರೆಯತ್ತ ಕಳ್ಳನೋಟ ಬೀರಿ, "ಅರವತ್ತು ವರ್ಷದಿಂದ ಬರೀ ವಾಸನೆ ಕುಡಿದಿದೀನಿ. ನೀನೊಂದು ತುತ್ತು ತಿಂದು ಹೇಳು, ರುಚಿ ಹೇಗಿರುತ್ತೆ?" ಎಂದ.

ರೆಂತ್ಸೊ ಒಂದು ಚಮಚ ಬಾಯಿಗಿಟ್ಟು ನಿಧಾನವಾಗಿ ಅಗಿದು ಮುಖ ಕಿವುಚಿದ. "ಥೂ, ಬರೀ ಮಣ್ಣು ಮಾವ. ನೀವು ಕಳಕೊಂಡದ್ದು ಏನೂ ಇಲ್ಲ."

ನಾನು ತವರಲ್ಲಿ ಆ ಕಾಳು ತಿಂದೇ ಬೆಳೆದವಳು. ಅದರ ರುಚಿ ಏನೆಂದು ನನಗೆ ಗೊತ್ತು. ಆ ಒಂದು ಸುಳ್ಳಿಗೆ ಅಳಿಯನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ತಬ್ಬಿಕೊಂಡೆ.